ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ: ಕೊಡಗಿನ ಏರುತಗ್ಗುಗಳಲ್ಲಿ ಅಳೆಯುವ ಮತ್ತು ತುಂಬುವ ಕ್ರಮ

ಎಂಜಿನ್ ಆಯಿಲ್ ಓಡಾಟದಲ್ಲಿ ಅಷ್ಟಿಷ್ಟು ಸುಟ್ಟು ಕಡಿಮೆಯಾಗುವುದುಂಟು. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ, ಅಂದರೆ ಗ್ಯಾರೇಜುಗಳಲ್ಲಿ ಎಟಿಎಫ್ ಎಂದು ಕರೆಯುವ ದ್ರವ, ಹಾಗೆ ಸುಟ್ಟುಹೋಗುವುದಿಲ್ಲ. ಮುಚ್ಚಿದ ಪೆಟ್ಟಿಗೆಯೊಳಗೆ ಅದೇ ಎಣ್ಣೆ ಸುತ್ತುತ್ತಿರುತ್ತದೆ. ಆದ್ದರಿಂದ ಅದರ ಮಟ್ಟ ಇಳಿದಂತೆ ಕಂಡರೆ ಒಂದೋ ಎಲ್ಲೋ ಸೋರುತ್ತಿದೆ, ಇಲ್ಲವೇ ಹಿಂದಿನ ಸಲ ತುಂಬಿದವರು ಅಳತೆ ತಪ್ಪಿದ್ದಾರೆ, ಎರಡೂ ಅಲ್ಲವಾದರೆ ನಾವು ಈಗ ಅಳೆಯುತ್ತಿರುವ ಕ್ರಮವೇ ಸರಿಯಿಲ್ಲ. ಕೊಡಗಿನಲ್ಲಿ ಈ ಮೂರನೆಯದನ್ನೇ ಮೊದಲು ಶಂಕಿಸಬೇಕು, ಏಕೆಂದರೆ ಅಳತೆಗೆ ಬೇಕಾದ ಸಮತಟ್ಟು ನೆಲ, ಹದವಾದ ಬಿಸಿ ಮತ್ತು ಒಣ ಹವೆ ಇಲ್ಲಿ ಒಟ್ಟಿಗೆ ದೊರೆಯುವುದು ಸುಲಭವಲ್ಲ. ಡಿಪ್‌ಸ್ಟಿಕ್, ಅಂದರೆ ಎಣ್ಣೆಯ ಮಟ್ಟ ಅಳೆಯುವ ಕಡ್ಡಿ, ತೋರಿಸಿದ ಮಟ್ಟ ನಂಬುವಂಥದ್ದು ಎಂದು ಖಚಿತವಾಗುವವರೆಗೆ ಎಣ್ಣೆಯ ಬಾಟಲಿಯ ಮುಚ್ಚಳ ತೆಗೆಯಬಾರದು ಎಂಬುದನ್ನು ಗಮನದಲ್ಲಿಟ್ಟುಕೊಂಡು ಮುಂದಿನದನ್ನು ಓದಬೇಕು.

ಈ ಎಣ್ಣೆ ಜಾರುಗೊಳಿಸುವುದಕ್ಕೆ ಮಾತ್ರ ಇರುವುದಲ್ಲ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇರುವ ಟಾರ್ಕ್ ಕನ್ವರ್ಟರಿನೊಳಗೆ ಎಂಜಿನ್ನಿನ ಶಕ್ತಿಯನ್ನು ದಾಟಿಸುವುದು ಇದೇ ಎಣ್ಣೆ. ಪಂಪಿನ ಒತ್ತಡದಲ್ಲಿ ಒಳಗಿನ ಕ್ಲಚ್‌ಗಳನ್ನು ಹಿಡಿದು ಗೇರ್ ಬದಲಿಸುವುದೂ, ಅಲ್ಲಿ ಹುಟ್ಟುವ ಬಿಸಿಯನ್ನು ಹೊತ್ತು ಕೂಲರಿಗೆ ತಲುಪಿಸುವುದೂ ಇದೇ. ಸುಳ್ಯದ ಕಡೆಯಿಂದ ಸಂಪಾಜೆ ಘಾಟಿಯಲ್ಲಿ ಮಡಿಕೇರಿಗೆ ಏರುವಾಗ ಮುಂದೆ ತುಂಬಿದ ಲಾರಿಯೊಂದು ಸಿಕ್ಕಿತೆಂದರೆ ಕಾರು ಬಹಳ ಹೊತ್ತು ನಿಧಾನ ವೇಗದಲ್ಲಿ, ಹೆಚ್ಚಿನ ಎಳೆತದಲ್ಲಿ ಸಾಗಬೇಕಾಗುತ್ತದೆ. ಆ ಹೊತ್ತಿನಲ್ಲಿ ಟಾರ್ಕ್ ಕನ್ವರ್ಟರ್ ಪೂರ್ತಿ ಬಿಗಿದುಕೊಳ್ಳದೆ ಜಾರುತ್ತಿರುತ್ತದೆ, ಆ ಜಾರುವಿಕೆಯೆಲ್ಲ ಎಣ್ಣೆಯಲ್ಲಿ ಬಿಸಿಯಾಗಿ ಸೇರಿಕೊಳ್ಳುತ್ತದೆ. ಇರಿಟ್ಟಿಯಿಂದ ಮಾಕುಟ್ಟ ದಾರಿಯಾಗಿ ವಿರಾಜಪೇಟೆಗೆ ಬರುವವರಿಗೂ, ಭಾಗಮಂಡಲದಿಂದ ತಲಕಾವೇರಿಗೆ ಏರುವವರಿಗೂ ಇದೇ ಪರಿಸ್ಥಿತಿ. ಕಾರಿನ ಕೈಪಿಡಿಯಲ್ಲಿ ಕಠಿಣ ಬಳಕೆ ಎಂದು ಪ್ರತ್ಯೇಕ ಪಟ್ಟಿಯಿದ್ದರೆ ಗುಡ್ಡಗಾಡಿನ ರಸ್ತೆ ಸಾಮಾನ್ಯವಾಗಿ ಅದರಲ್ಲಿ ಸೇರಿರುತ್ತದೆ. ನಮ್ಮ ಜಿಲ್ಲೆಯ ಕಾರುಗಳು ಆ ಪಟ್ಟಿಯ ಅವಧಿಯನ್ನೇ ಪಾಲಿಸಬೇಕು ಎಂಬುದು ನನ್ನ ಅಭಿಪ್ರಾಯ; ಜೀವಮಾನವಿಡೀ ಬದಲಿಸಬೇಕಾಗಿಲ್ಲ ಎಂಬ ಮಾತನ್ನು ಬಯಲುಸೀಮೆಯ ಹೆದ್ದಾರಿಯಲ್ಲಿ ಓಡುವವರು ನಂಬಿದರೂ ಘಾಟಿಯಲ್ಲಿ ಓಡುವವರು ನಂಬದಿರುವುದು ಲೇಸು.

ಮೊದಲು ಗೇರ್‌ಬಾಕ್ಸಿನ ಬಗೆ ತಿಳಿಯಿರಿ

ಕ್ಲಚ್ ಪೆಡಲ್ ಇಲ್ಲದ ಕಾರುಗಳನ್ನೆಲ್ಲ ನಾವು ಆಟೋಮ್ಯಾಟಿಕ್ ಎಂದೇ ಕರೆಯುತ್ತೇವೆ, ಆದರೆ ಒಳಗಿನ ಯಂತ್ರಗಳು ಬೇರೆ ಬೇರೆ. 2014ರಲ್ಲಿ ಮಾರುತಿ ಸೆಲೆರಿಯೊ ಬಂದ ಮೇಲೆ ನಮ್ಮಲ್ಲಿ ಬಳಕೆಗೆ ಹೆಚ್ಚಾಗಿ ಬಂದ ಎಎಂಟಿ ಎಂಬುದು ಮೂಲತಃ ಮ್ಯಾನುಯಲ್ ಗೇರ್‌ಬಾಕ್ಸೇ; ಕ್ಲಚ್ ಒತ್ತುವ ಮತ್ತು ಗೇರ್ ಹಾಕುವ ಕೆಲಸವನ್ನಷ್ಟೇ ಯಂತ್ರಕ್ಕೆ ವಹಿಸಲಾಗಿದೆ. ಅದರೊಳಗೆ ಇರುವುದು ಮ್ಯಾನುಯಲ್ ಕಾರಿನ ಗೇರ್ ಆಯಿಲ್, ಈ ಬರಹದ ಎಟಿಎಫ್ ಅಲ್ಲ. ಡ್ಯುಯಲ್ ಕ್ಲಚ್ ಗೇರ್‌ಬಾಕ್ಸಿಗೆ ಅದರದೇ ಎಣ್ಣೆ ಬೇಕು, ಅದನ್ನು ಮನೆಯಲ್ಲಿ ಮುಟ್ಟುವ ಅಗತ್ಯವಿಲ್ಲ. ಸಿವಿಟಿಯಲ್ಲಿ ಗೇರುಗಳ ಬದಲು ಎರಡು ಪುಲ್ಲಿಗಳ ನಡುವೆ ಉಕ್ಕಿನ ಬೆಲ್ಟೋ ಚೈನೋ ಓಡುತ್ತದೆ. ಅದು ಜಾರದಂತೆ ಹಿಡಿದಿಡುವ ಗುಣವುಳ್ಳ ಸಿವಿಟಿ ಎಣ್ಣೆಯನ್ನೇ ಅದಕ್ಕೆ ಹಾಕಬೇಕು, ಸಾಮಾನ್ಯ ಎಟಿಎಫ್ ಹಾಕಿದರೆ ಬೆಲ್ಟು ಮತ್ತು ಪುಲ್ಲಿ ಎರಡೂ ಹಾಳಾಗುತ್ತವೆ. ಟಾರ್ಕ್ ಕನ್ವರ್ಟರ್ ಇರುವ ಹಳೆಯ ಪದ್ಧತಿಯ ಆಟೋಮ್ಯಾಟಿಕ್‌ನಲ್ಲಿ ಡಿಪ್‌ಸ್ಟಿಕ್ ಇದ್ದರೆ ಅಳೆಯುವುದೂ ತುಂಬುವುದೂ ಮನೆಯಲ್ಲೇ ಸಾಧ್ಯ.

ಬಾನೆಟ್ ತೆರೆದಾಗ ಎರಡು ಕಡ್ಡಿಗಳು ಕಂಡರೆ ಒಂದು ಎಂಜಿನ್ನಿನದು, ಇನ್ನೊಂದು ಗೇರ್‌ಬಾಕ್ಸಿನದು. ಹಿಡಿಕೆಯ ಬಣ್ಣ ನೋಡಿ ನಿರ್ಧರಿಸದೆ ಕೈಪಿಡಿಯ ಚಿತ್ರ ನೋಡಿ ನಿರ್ಧರಿಸಿ. ಎಟಿಎಫನ್ನು ಎಂಜಿನ್ನಿಗೆ ಸುರಿದವರೂ ಇದ್ದಾರೆ, ಅದಕ್ಕಿಂತ ದುಬಾರಿಯಾಗಿ ಎಂಜಿನ್ ಆಯಿಲನ್ನು ಗೇರ್‌ಬಾಕ್ಸಿಗೆ ಸುರಿದವರೂ ಇದ್ದಾರೆ. ಒಂದೇ ಕಡ್ಡಿ ಕಂಡರೆ ನಿಮ್ಮದು ಡಿಪ್‌ಸ್ಟಿಕ್ ಇಲ್ಲದ ಗೇರ್‌ಬಾಕ್ಸ್ ಆಗಿರಬಹುದು, ಅದರ ವಿಚಾರ ಮುಂದೆ ಬರುತ್ತದೆ.

ಸಮತಟ್ಟು ಜಾಗ ಹುಡುಕುವುದು

ಗೇರ್‌ಬಾಕ್ಸಿನ ತಳದ ತಟ್ಟೆ ಅಗಲವಾಗಿಯೂ ಆಳ ಕಡಿಮೆಯಾಗಿಯೂ ಇರುವುದರಿಂದ ಕಾರು ತುಸು ವಾಲಿದರೂ ಎಣ್ಣೆ ಒಂದು ಬದಿಗೆ ಸರಿದು ಕಡ್ಡಿಯ ಮೇಲಿನ ಗುರುತು ಗಣನೀಯವಾಗಿ ಬದಲಾಗುತ್ತದೆ. ಈ ವಿಷಯದಲ್ಲಿ ಕುಶಾಲನಗರದವರು ಮಡಿಕೇರಿಯವರಿಗಿಂತ ಅದೃಷ್ಟವಂತರು. ತೋಟದ ಮನೆಯವರಿಗೆ ತಟ್ಟನೆ ನೆನಪಾಗುವ ಜಾಗ ಕಾಫಿ ಒಣಗಿಸುವ ಕಣ. ಅದು ಕಣ್ಣಿಗೆ ಸಪಾಟಾಗಿ ಕಂಡರೂ ಮಳೆನೀರು ನಿಲ್ಲದಿರಲೆಂದು ಒಂದು ಬದಿಗೆ ತುಸು ಇಳಿಜಾರಾಗಿಯೇ ಕಟ್ಟಿರುತ್ತಾರೆ ಎಂಬುದನ್ನು ಮರೆಯಬಾರದು. ಗಾರೆ ಕೆಲಸದವರ ರಸಮಟ್ಟವನ್ನು ಕಾರಿನ ಬಾಗಿಲ ಹೊಸ್ತಿಲ ಮೇಲೆ ಉದ್ದಕ್ಕೊಮ್ಮೆ, ಎರಡು ಹೊಸ್ತಿಲುಗಳಿಗೆ ಅಡ್ಡಲಾಗಿ ನೇರವಾದ ರೀಪನ್ನು ಹಾಯಿಸಿ ಅದರ ಮೇಲೆ ಅಡ್ಡಕ್ಕೊಮ್ಮೆ ಇಟ್ಟು ನೋಡಿದರೆ ವಾಲುವಿಕೆ ಗೊತ್ತಾಗುತ್ತದೆ. ಇಳಿಜಾರು ಒಂದೇ ದಿಕ್ಕಿಗಿದ್ದರೆ ಕಾರನ್ನು ತಿರುಗಿಸಿ ನಿಲ್ಲಿಸಿ ಎರಡನೆಯ ಸಲ ಅಳೆಯಿರಿ. ಎರಡು ಅಳತೆಗಳ ನಡುವೆ ದೊಡ್ಡ ಅಂತರ ಬಂದರೆ ಆ ಜಾಗ ಪ್ರಯೋಜನವಿಲ್ಲ. ಕೊಯ್ಲಿನ ತಿಂಗಳುಗಳಲ್ಲಂತೂ ಕಣಕ್ಕೆ ಕಾರು ಇಳಿಸುವುದೇ ಬೇಡ, ಕಾಫಿ ಸುತ್ತಲಿನ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ಅಲ್ಲಿ ಬಿದ್ದ ನಾಲ್ಕು ಹನಿ ಎಣ್ಣೆಗೆ ಮನೆಯ ಹಿರಿಯರಿಂದ ಮಾತು ಕೇಳಬೇಕಾಗುತ್ತದೆ.

ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದು, ಚಕ್ರಗಳ ಹಿಂದೆ ಮುಂದೆ ಕಲ್ಲನ್ನೋ ಮರದ ತುಂಡನ್ನೋ ಒತ್ತಿಡಬೇಕು. ಎಂಜಿನ್ ಓಡುತ್ತಿರುವಾಗ ಮಾಡುವ ಕೆಲಸವಿದು. ಆದ್ದರಿಂದ ತೋಳು ಮಡಚಿ, ಶಾಲು ಸರ ಇತ್ಯಾದಿಗಳನ್ನು ತೆಗೆದಿಟ್ಟು, ಫ್ಯಾನು ಮತ್ತು ಬೆಲ್ಟಿನಿಂದ ಕೈ ದೂರವಿಟ್ಟುಕೊಳ್ಳಬೇಕು.

ಬಿಸಿಯ ಹದ

ಎಟಿಎಫ್ ಬಿಸಿಯಾದಂತೆ ಹಿಗ್ಗುತ್ತದೆ, ಆದ್ದರಿಂದಲೇ ಹೆಚ್ಚಿನ ಡಿಪ್‌ಸ್ಟಿಕ್ಕುಗಳಲ್ಲಿ ತಣ್ಣಗಿನ ಮಟ್ಟಕ್ಕೊಂದು, ಬಿಸಿ ಮಟ್ಟಕ್ಕೊಂದು ಹೀಗೆ ಎರಡು ಪಟ್ಟಿಗಳಿರುತ್ತವೆ. ತಣ್ಣಗಿನ ಪಟ್ಟಿ ಅಂದಾಜಿಗೆ ಮಾತ್ರ, ಎಣ್ಣೆ ಬದಲಿಸುವಾಗ ಮೊದಲ ಅಳತೆಗೆ ಉಪಯೋಗ. ನಂಬಬೇಕಾದದ್ದು ಬಿಸಿ ಪಟ್ಟಿಯನ್ನು, ಅದೂ ಎಣ್ಣೆ ಸುಮಾರು 70ರಿಂದ 80 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ. ಡಿಸೆಂಬರಿನ ಮುಂಜಾನೆ ಮಂಜು ಹಿಡಿದ ಶೆಡ್ಡಿನಲ್ಲಿ ಕಾರನ್ನು ನಿಂತಲ್ಲೇ ಹತ್ತು ನಿಮಿಷ ಓಡಿಸಿದರೆ ಎಂಜಿನ್ನಿನ ಮುಳ್ಳು ಮೇಲೇರುತ್ತದೆಯೇ ಹೊರತು ಗೇರ್‌ಬಾಕ್ಸಿನ ಎಣ್ಣೆ ಆ ಬಿಸಿಗೆ ಬರುವುದಿಲ್ಲ. ಹದಿನೈದು ಇಪ್ಪತ್ತು ನಿಮಿಷ ರಸ್ತೆಯಲ್ಲಿ ಓಡಿಸಿ, ಗೇರುಗಳೆಲ್ಲ ಬದಲಾಗುವಂತೆ ಮಾಡಿ ಬರಬೇಕು.

ಇದರ ವಿರುದ್ಧದ ತಪ್ಪು ನಮ್ಮಲ್ಲಿ ಇನ್ನೂ ಸುಲಭವಾಗಿ ಆಗುತ್ತದೆ. ಘಾಟಿ ಏರಿ ಬಂದ ತಕ್ಷಣ ಅಳೆದರೆ ಎಣ್ಣೆ ಹದಕ್ಕಿಂತ ಹೆಚ್ಚು ಕಾದು ಹಿಗ್ಗಿರುತ್ತದೆ, ಇಲ್ಲದ ಎಣ್ಣೆಯನ್ನು ಕಡ್ಡಿ ಇರುವಂತೆ ತೋರಿಸುತ್ತದೆ. ಕಡಿದಾದ ಏರು ಹತ್ತಿದ ಮೇಲೆ, ಬಿಸಿಲಿನಲ್ಲಿ ದೂರ ಓಡಿದ ಮೇಲೆ, ಭಾರ ಎಳೆದ ಮೇಲೆ ಅರ್ಧ ಗಂಟೆ ಎಂಜಿನ್ ನಿಲ್ಲಿಸಿ ಕಾಯಬೇಕು, ಆಮೇಲೆ ಎಂಜಿನ್ ಚಾಲೂ ಮಾಡಿ ಅಳೆಯಬೇಕು.

ಕಡ್ಡಿ ಎಳೆದು ಓದುವುದು

ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಬ್ರೇಕ್ ಪೆಡಲ್ ಗಟ್ಟಿಯಾಗಿ ಒತ್ತಿ ಹಿಡಿದು, ಗೇರ್ ಲಿವರನ್ನು ಪಿಯಿಂದ ಆರ್, ಎನ್, ಡಿ ಹಾಗೂ ಅದರ ಕೆಳಗಿನ ಸ್ಥಾನಗಳವರೆಗೆ ಒಂದೊಂದರಲ್ಲೂ ಕೆಲವು ಸೆಕೆಂಡ್ ನಿಲ್ಲಿಸುತ್ತ ಕೊಂಡೊಯ್ದು ಮತ್ತೆ ಪಿಗೆ ತರಬೇಕು. ಒಳಗಿನ ಕಾಲುವೆಗಳೂ ಕ್ಲಚ್‌ಗಳೂ ಎಣ್ಣೆ ತುಂಬಿಕೊಂಡ ಮೇಲಷ್ಟೇ ತಟ್ಟೆಯಲ್ಲಿ ಉಳಿಯುವ ಮಟ್ಟ ನಿಜವಾದದ್ದು. ಕೆಲವು ಕಾರುಗಳಲ್ಲಿ ಎನ್ ಸ್ಥಾನದಲ್ಲಿ ಅಳೆಯಬೇಕೆಂದು ಕೈಪಿಡಿ ಹೇಳುತ್ತದೆ. ಡಿಪ್‌ಸ್ಟಿಕ್ ಇರುವ ಹೋಂಡಾ ಕಾರುಗಳ ಕ್ರಮವೇ ಬೇರೆ: ಅಲ್ಲಿ ಬಿಸಿಯಾದ ಎಂಜಿನ್ನನ್ನು ನಿಲ್ಲಿಸಿ, ನಿಲ್ಲಿಸಿದ 60ರಿಂದ 90 ಸೆಕೆಂಡಿನೊಳಗೆ ಅಳೆಯಬೇಕು. ಎಲ್ಲರಿಗೂ ಒಂದೇ ಕ್ರಮವೆಂದು ಹೇಳುವ ವಿಡಿಯೊಗಳನ್ನು ನೋಡಿ ಹೊರಡುವವರು ಇಲ್ಲಿ ಎಡವುತ್ತಾರೆ.

ಕಡ್ಡಿಯ ಬಾಯಿಯ ಸುತ್ತ ಕೂತಿರುವ ಕೆಮ್ಮಣ್ಣಿನ ಧೂಳನ್ನು ಮೊದಲು ಒರೆಸಿ, ಆಮೇಲೆ ಎಳೆಯಿರಿ. ಮಾಡಿನ ಕೆಳಗಲ್ಲದೆ ಮಳೆಯಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಎಳೆದ ಕಡ್ಡಿಯನ್ನು ನೂಲು ಬಿಡದ ಬಟ್ಟೆಯಿಂದ ಒರೆಸಬೇಕು. ಹಳೆಯ ಬನಿಯನ್ನಿನ ಎಳೆಯೊಂದು ಒಳಗೆ ಹೋದರೂ ಎಣ್ಣೆಯನ್ನು ಬೇಕಾದ ಕ್ಲಚ್‌ಗೆ ಕಳುಹಿಸುವ ವಾಲ್ವ್ ಬಾಡಿಯ ಸಣ್ಣ ರಂಧ್ರಗಳನ್ನು ಮುಚ್ಚಲು ಅದು ಸಾಕು. ಒರೆಸಿದ ಕಡ್ಡಿಯನ್ನು ಪೂರ್ತಿ ಕೂರುವಂತೆ ಒತ್ತಿ, ಮತ್ತೆ ಎಳೆದು ಎರಡೂ ಬದಿಗಳನ್ನು ನೋಡಿ. ಕೊಳವೆಯ ಗೋಡೆಗೆ ಅಂಟಿದ ಎಣ್ಣೆ ಒಂದು ಬದಿಗೆ ಬಳಿದುಕೊಂಡು ಮಟ್ಟವನ್ನು ಎತ್ತರಿಸಿ ತೋರಿಸುವುದುಂಟು. ಎರಡು ಬದಿಗಳಲ್ಲಿ ಕಡಿಮೆ ಇರುವುದೇ ಸರಿಯಾದದ್ದು. ಎರಡು ಮೂರು ಸಲ ಒಂದೇ ಮಟ್ಟ ಬಂದರೆ ಅದನ್ನು ನಂಬಬಹುದು. ಬಿಸಿ ಪಟ್ಟಿಯ ಎರಡು ಗುರುತುಗಳ ನಡುವೆ ಎಲ್ಲಿದ್ದರೂ ಸಾಕು, ಮೇಲಿನ ಗೆರೆ ಮುಟ್ಟಿಸಬೇಕೆಂಬ ಹಟ ಬೇಡ.

ಬಣ್ಣ, ವಾಸನೆ

ಮಟ್ಟಕ್ಕಿಂತ ಎಣ್ಣೆಯ ಸ್ಥಿತಿ ಹೆಚ್ಚು ತಿಳಿಸುತ್ತದೆ. ಒಂದು ಹನಿಯನ್ನು ಬಿಳಿ ಟಿಶ್ಯೂ ಕಾಗದದ ಮೇಲೆ ಬಿಟ್ಟು ಸ್ವಲ್ಪ ಹೊತ್ತು ಇರಿಸಿ. ಅಗಲವಾಗಿ ಹರಡಿ ಕೆಂಪು ಅಥವಾ ತಿಳಿ ಕಂದು ಬಣ್ಣ ಉಳಿದರೆ ಎಣ್ಣೆ ಇನ್ನೂ ಬಾಳುತ್ತದೆ. ಹರಡದೆ ನಡುವೆ ಕಪ್ಪಾಗಿ ನಿಂತು ಸುಟ್ಟ ವಾಸನೆ ಬಂದರೆ ಅದು ಕಾದು ಕೆಟ್ಟಿದೆ. ಅಂಥದ್ದಕ್ಕೆ ಹೊಸ ಎಣ್ಣೆ ಬೆರೆಸಿ ತುಂಬುವುದರಿಂದ ಏನೂ ಆಗದು, ಬದಲಿಸಲೇಬೇಕು. ಬೆರಳುಗಳ ನಡುವೆ ಉಜ್ಜಿದಾಗ ಹರಳುಹರಳಾಗಿ ಸಿಕ್ಕರೆ ಒಳಗೆ ಲೋಹ ಅಥವಾ ಕ್ಲಚ್‌ನ ಪದರ ಸವೆದಿದೆ ಎಂದು ತಿಳಿಯಬೇಕು.

ಎಣ್ಣೆ ಸ್ಟ್ರಾಬೆರಿ ಮಿಲ್ಕ್‌ಶೇಕಿನಂತೆ ಮಬ್ಬು ಗುಲಾಬಿಯಾಗಿದ್ದರೆ ನೀರು ಸೇರಿದೆ. ಅನೇಕ ಕಾರುಗಳಲ್ಲಿ ಗೇರ್‌ಬಾಕ್ಸಿನ ಕೂಲರ್ ರೇಡಿಯೇಟರಿನೊಳಗೇ ಇರುವುದರಿಂದ ಅದು ಒಡೆದರೆ ಕೂಲಂಟ್ ಎಣ್ಣೆಗೆ ಬೆರೆಯುತ್ತದೆ. ಎರಡನೆಯ ದಾರಿ ಹೊರಗಿನ ನೀರು. 2018ರ ಮತ್ತು 2019ರ ಆಗಸ್ಟಿನ ನೆರೆಗಳನ್ನು ಕಂಡ ಜಿಲ್ಲೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ನಿಂತ ನೀರು ಗೇರ್‌ಬಾಕ್ಸಿನ ಗಾಳಿಕೊಳವೆಯ ಎತ್ತರ ಮುಟ್ಟಿದರೆ ಒಳಗೆ ನುಗ್ಗುತ್ತದೆ, ಬಿಸಿ ಪೆಟ್ಟಿಗೆ ತಣ್ಣೀರಿನಲ್ಲಿ ಹಠಾತ್ತನೆ ತಣಿದಾಗ ಅದೇ ನೀರನ್ನು ಹೀರಿಕೊಳ್ಳುತ್ತದೆ. ಕ್ಲಚ್‌ಗಳ ಮೇಲಿನ ಪದರ ಕಾಗದದಂಥ ನಾರಿನಿಂದ ಮಾಡಿದ್ದು, ಅಂಟಿನಿಂದ ಕೂರಿಸಿದ್ದು. ನೀರು ತಾಗಿದರೆ ಅದು ಕಿತ್ತು ಬರುತ್ತದೆ. ಆ ಬಣ್ಣ ಕಂಡ ಕಾರನ್ನು ಗ್ಯಾರೇಜಿನವರೆಗೂ ಓಡಿಸಬೇಡಿ.

ಸೋರಿಕೆ ಎಲ್ಲಿ

ಮಟ್ಟ ನಿಜಕ್ಕೂ ಕಡಿಮೆಯಿದ್ದರೆ ತುಂಬುವ ಮೊದಲು ಸೋರಿಕೆ ಹುಡುಕಬೇಕು. ರಾತ್ರಿ ಕಾರಿನ ಕೆಳಗೆ ರಟ್ಟನ್ನೋ ಬಿಡಿಸಿದ ಬಿಳಿ ಗೊಬ್ಬರದ ಚೀಲವನ್ನೋ ಹಾಸಿ, ಮುಂದಿನ ಚಕ್ರಗಳ ಸ್ಥಾನವನ್ನು ಅದರ ಮೇಲೆ ಗುರುತು ಹಾಕಿಡಿ. ಬೆಳಿಗ್ಗೆ ಕಲೆಯ ಬಣ್ಣವೂ ಜಾಗವೂ ಒಟ್ಟಿಗೆ ಸಿಗುತ್ತವೆ. ಕೆಂಪು ಕಲೆ ಎಟಿಎಫಿನದಾಗಿರಬಹುದು, ಆದರೆ ಪವರ್ ಸ್ಟೀರಿಂಗ್‌ಗೂ ಇದೇ ಬಗೆಯ ಎಣ್ಣೆ ಹಾಕುವ ಕಾರುಗಳಿವೆ, ಅದರ ಡಬ್ಬಿಯನ್ನೂ ನೋಡಿ. ತಟ್ಟೆಯ ಗ್ಯಾಸ್ಕೆಟ್, ಕೂಲರಿಗೆ ಹೋಗುವ ಕೊಳವೆಗಳ ಜೋಡಣೆ, ಆಕ್ಸಲ್ ಹೊರಬರುವಲ್ಲಿನ ಸೀಲ್ ಇವು ಸಾಮಾನ್ಯ ಜಾಗಗಳು. ನಮ್ಮ ತೋಟದ ರಸ್ತೆಗಳಿಗೆ ಇನ್ನೊಂದನ್ನು ಸೇರಿಸಬೇಕು. ಮಳೆಗಾಲ ಕಳೆದ ಮೇಲೆ ಚಕ್ರದ ಜಾಡುಗಳು ಕೊರೆದು ನಡುವಿನ ದಿಣ್ಣೆ ಎತ್ತರವಾಗಿರುತ್ತದೆ, ಮಣ್ಣು ತೊಳೆದುಹೋಗಿ ಕಲ್ಲುಗಳು ತಲೆ ಎತ್ತಿರುತ್ತವೆ. ಅವು ತಟ್ಟೆಗೆ ಬಡಿದು ಒಳಕ್ಕೆ ತಗ್ಗು ಮಾಡಿದರೆ ಎಣ್ಣೆ ಸೋರದಿದ್ದರೂ ಫಿಲ್ಟರಿನ ಬಾಯಿ ಮುಚ್ಚಿಕೊಂಡು ಪಂಪಿಗೆ ಎಣ್ಣೆ ಸಿಗದಂತಾಗಬಹುದು. ಜೀಪಿನ ದಾರಿಗೆ ಆಟೋಮ್ಯಾಟಿಕ್ ಕಾರು ಇಳಿಸುವ ಅತಿಥಿಗಳಿಗೆ ಇದನ್ನು ಮೊದಲೇ ಹೇಳುವುದು ಒಳ್ಳೆಯದು. ಕೆಳಗೆ ನೋಡಬೇಕಾದರೆ ಬರೀ ಜಾಕಿನ ಮೇಲೆ ನಿಂತ ಕಾರಿನಡಿ ಎಂದೂ ನುಗ್ಗಬಾರದು.

ಎಣ್ಣೆ ಕಡಿಮೆಯಾದದ್ದನ್ನು ಕಾರೂ ತಿಳಿಸುತ್ತದೆ. ಬೆಳಿಗ್ಗೆ ಡಿ ಅಥವಾ ಆರ್‌ಗೆ ಹಾಕಿದಾಗ ಗೇರ್ ಹಿಡಿಯಲು ತಡವಾಗುವುದು, ಏರಿನಲ್ಲಿ ಎಂಜಿನ್ ಜೋರಾಗಿ ಕೂಗಿದರೂ ವೇಗ ಬಾರದಿರುವುದು, ಹೇರ್‌ಪಿನ್ ತಿರುವಿನಲ್ಲಿ ಕ್ಷಣಕಾಲ ಎಳೆತ ತಪ್ಪಿ ಮತ್ತೆ ಹಿಡಿಯುವುದು. ತಿರುವಿನಲ್ಲಿ ಎಣ್ಣೆ ಒಂದು ಬದಿಗೆ ತೂಗಿ ಫಿಲ್ಟರಿನ ಬಾಯಿಯಿಂದ ದೂರವಾದಾಗ ಪಂಪು ಗಾಳಿ ಎಳೆಯುವುದರಿಂದ ಹೀಗಾಗುತ್ತದೆ.

ತುಂಬುವುದು

ಯಾವ ಎಣ್ಣೆ ಎಂಬುದು ಕೈಪಿಡಿಯಲ್ಲೋ ಕಡ್ಡಿಯ ಮೇಲೋ ಬರೆದಿರುತ್ತದೆ: ಡೆಕ್ಸ್‌ರಾನ್, ಟೊಯೊಟಾ ಡಬ್ಲ್ಯುಎಸ್, ಹೋಂಡಾ ಡಿಡಬ್ಲ್ಯು-1, ಹ್ಯುಂಡೈ ಎಸ್‌ಪಿ-4 ಇತ್ಯಾದಿ. ಕೆಂಪು ಬಣ್ಣ ಗುರುತಿಗೆ ಹಾಕಿದ್ದು ಮಾತ್ರ, ಕೆಂಪಾಗಿರುವುದೆಲ್ಲ ಒಂದೇ ಅಲ್ಲ. ಕ್ಲಚ್ ಎಷ್ಟು ಮೆತ್ತಗೆ ಹಿಡಿಯಬೇಕು, ಎಷ್ಟು ಬೇಗ ಬಿಗಿಯಬೇಕು ಎಂಬುದನ್ನು ನಿರ್ಧರಿಸುವುದು ಎಣ್ಣೆಗೆ ಬೆರೆಸಿದ ಸಣ್ಣ ಪ್ರಮಾಣದ ರಾಸಾಯನಿಕಗಳು. ಅಮೆರಿಕದಲ್ಲಿ 1970ರ ದಶಕದ ಆರಂಭದವರೆಗೆ ಇದಕ್ಕಾಗಿ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನೇ ಬೆರೆಸುತ್ತಿದ್ದರು, ತಿಮಿಂಗಿಲ ಬೇಟೆಗೆ ಕಾನೂನು ಅಡ್ಡ ಬಂದ ಮೇಲೆ ಬದಲಿ ಹುಡುಕಲು ತಯಾರಕರು ಸಾಕಷ್ಟು ಹೆಣಗಬೇಕಾಯಿತು. ಎಲ್ಲ ಕಾರಿಗೂ ಆಗುತ್ತದೆಂದು ಅಂಗಡಿಯಲ್ಲಿ ಕೊಡುವ ಎಣ್ಣೆಯ ಡಬ್ಬಿಯ ಹಿಂಬದಿಯಲ್ಲಿ ನಿಮ್ಮ ಕಾರಿನ ನಿರ್ದಿಷ್ಟ ಹೆಸರಿದ್ದರೆ ಮಾತ್ರ ಕೊಳ್ಳಿ. ಗೋಣಿಕೊಪ್ಪದಲ್ಲೋ ಸೋಮವಾರಪೇಟೆಯಲ್ಲೋ ಸಿಗದಿದ್ದರೆ ಮೈಸೂರಿನಿಂದ ತರಿಸಿಕೊಳ್ಳುವವರೆಗೆ ಕಾಯುವುದೇ ಸರಿ.

ತುಂಬುವುದು ಕಡ್ಡಿಯ ಕೊಳವೆಯ ಮೂಲಕವೇ. ಉದ್ದ ಕುತ್ತಿಗೆಯ ಶುಚಿಯಾದ ಆಲಿಕೆ ಬೇಕು, ಅಡುಗೆಮನೆಯದನ್ನು ತಂದರೆ ಅದು ಮತ್ತೆ ಅಡುಗೆಮನೆಗೆ ಹೋಗುವಂತಿಲ್ಲ. ಒಂದು ಸಲಕ್ಕೆ 100ರಿಂದ 200 ಮಿಲಿ ಲೀಟರಿಗಿಂತ ಹೆಚ್ಚು ಸುರಿಯಬಾರದು. ಕಡ್ಡಿಯ ಎರಡು ಗುರುತುಗಳ ನಡುವಿನ ಅಂತರ ಸಾಮಾನ್ಯವಾಗಿ ಅರ್ಧ ಲೀಟರಿನ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ. ಒಂದು ಲೀಟರಿನ ಬಾಟಲಿಯನ್ನು ಒಮ್ಮೆಲೇ ಬಗ್ಗಿಸಿದರೆ ಗೆರೆ ದಾಟಿಹೋಗುತ್ತದೆ. ಸುರಿದ ಮೇಲೆ ಕೆಲವು ನಿಮಿಷ ಬಿಟ್ಟು, ಲಿವರನ್ನು ಮತ್ತೆ ಎಲ್ಲ ಸ್ಥಾನಗಳಿಗೆ ಕೊಂಡೊಯ್ದು, ಮತ್ತೆ ಅಳೆದು, ಬೇಕಾದರಷ್ಟೇ ಇನ್ನಷ್ಟು.

ಹೆಚ್ಚಾಗಿ ತುಂಬುವುದು ಕಡಿಮೆ ಇರುವುದರಷ್ಟೇ ಕೆಟ್ಟದ್ದು. ಮಟ್ಟ ಏರಿದಾಗ ತಿರುಗುವ ಭಾಗಗಳು ಎಣ್ಣೆಯನ್ನು ಕಡೆದು ನೊರೆ ಎಬ್ಬಿಸುತ್ತವೆ. ನೊರೆಯಲ್ಲಿ ಗಾಳಿ ಇರುವುದರಿಂದ ಒತ್ತಡ ನಿಲ್ಲದೆ ಕ್ಲಚ್ ಜಾರುತ್ತದೆ, ಕೊನೆಗೆ ಗಾಳಿಕೊಳವೆಯಿಂದ ಎಣ್ಣೆ ಉಕ್ಕಿ ಹೊರಬರುತ್ತದೆ. ಹಾಗಾದಾಗ ಅದನ್ನೇ ಸೋರಿಕೆಯೆಂದು ಭಾವಿಸಿ ಇನ್ನಷ್ಟು ತುಂಬುವವರೂ ಇದ್ದಾರೆ. ಹೆಚ್ಚಾದದ್ದನ್ನು ಕಡ್ಡಿಯ ಕೊಳವೆಯಿಂದ ಸಪೂರ ನಳಿಕೆ ಇಳಿಸಿ, ದೊಡ್ಡ ಸಿರಿಂಜಿನಿಂದ ಎಳೆದು ತೆಗೆಯಬಹುದು.

ತೆಗೆದ ಎಣ್ಣೆಯನ್ನು ಗೆದ್ದಲಿಗೆಂದು ಬೇಲಿಗೂಟಕ್ಕೆ ಬಳಿಯುವ, ಚರಂಡಿಗೆ ಚೆಲ್ಲುವ ರೂಢಿ ಇನ್ನೂ ಇದೆ. ತೋಟದ ಚರಂಡಿಯ ನೀರು ತೋಡಿಗೆ, ತೋಡಿನದು ಹೊಳೆಗೆ ಸೇರುವ ಊರಿನಲ್ಲಿ ಅದು ಬೇಡ. ಮುಚ್ಚಳ ಬಿಗಿದ ಡಬ್ಬಿಯಲ್ಲಿ ಕೂಡಿಟ್ಟು, ಹಳೆ ಆಯಿಲ್ ಸಂಗ್ರಹಿಸಿ ಕಳುಹಿಸುವ ಗ್ಯಾರೇಜಿಗೆ ಕೊಡಿ.

ಡಿಪ್‌ಸ್ಟಿಕ್ ಇಲ್ಲದ ಕಾರುಗಳು

ಈಗ ಬರುವ ಹೆಚ್ಚಿನ ಆಟೋಮ್ಯಾಟಿಕ್ ಮತ್ತು ಸಿವಿಟಿಗಳಲ್ಲಿ ಕಡ್ಡಿಯೇ ಇಲ್ಲ. ಅವುಗಳ ತಳದಲ್ಲಿ ಉಕ್ಕಿ ಹರಿಯುವ ಮಟ್ಟವನ್ನು ತೋರಿಸುವ ಪ್ಲಗ್ ಇರುತ್ತದೆ. ಕಾರನ್ನು ನಾಲ್ಕೂ ಚಕ್ರ ಸಮನಾಗಿ ಮೇಲೆತ್ತಿ, ಎಣ್ಣೆಯ ಉಷ್ಣತೆಯನ್ನು ಸ್ಕ್ಯಾನರಿನಲ್ಲಿ ನೋಡುತ್ತ, ತಯಾರಕರು ಹೇಳಿದ ಉಷ್ಣತೆಗೆ, ಅನೇಕ ಕಾರುಗಳಲ್ಲಿ 35ರಿಂದ 45 ಡಿಗ್ರಿಗೆ, ಬಂದಾಗ ಪ್ಲಗ್ ಬಿಚ್ಚಬೇಕು. ಎಣ್ಣೆ ಸಣ್ಣ ಧಾರೆಯಾಗಿ ಹರಿದು ಹನಿಯಾದರೆ ಮಟ್ಟ ಸರಿ, ಏನೂ ಬಾರದಿದ್ದರೆ ಕಡಿಮೆ. ಇದು ಲಿಫ್ಟ್ ಇರುವ ಗ್ಯಾರೇಜಿನ ಕೆಲಸ. ಆದರೆ ಅಲ್ಲಿ ನಿಂತು ಎರಡು ವಿಷಯ ಗಮನಿಸಬಹುದು: ಸ್ಕ್ಯಾನರ್ ಹಾಕಿದರೇ, ಮತ್ತು ತಳದ ಪ್ಲಗ್ ಬಿಚ್ಚುವ ಮೊದಲು ಮೇಲಿನ ತುಂಬುವ ಪ್ಲಗ್ ಸಡಿಲಿಸಿ ನೋಡಿದರೇ. ಮೇಲಿನದು ತುಕ್ಕು ಹಿಡಿದು ಬಿಚ್ಚಲಾಗದಿದ್ದರೆ ಕೆಳಗಿನಿಂದ ಇಳಿಸಿದ ಎಣ್ಣೆಯನ್ನು ಮತ್ತೆ ತುಂಬುವ ದಾರಿಯಿರುವುದಿಲ್ಲ.

ಒಮ್ಮೆ ತುಂಬಿದ ಮೇಲೆ ಒಂದು ವಾರದ ಓಡಾಟದ ನಂತರ ಅದೇ ಜಾಗದಲ್ಲಿ, ಅದೇ ಕ್ರಮದಲ್ಲಿ ಮತ್ತೆ ಅಳೆಯಬೇಕು. ಮತ್ತೆ ಇಳಿದಿದ್ದರೆ ಸೋರಿಕೆ ಉಳಿದಿದೆ. ಏರಿನಲ್ಲಿ ಗೇರ್ ಹಿಡಿಯದೆ ಕಾರು ನಿಂತೇಹೋದರೆ ಹಗ್ಗ ಕಟ್ಟಿ ಜೀಪಿನಿಂದ ಎಳೆಸಬೇಡಿ: ಎಂಜಿನ್ ನಿಂತಾಗ ಗೇರ್‌ಬಾಕ್ಸಿನ ಪಂಪೂ ನಿಲ್ಲುತ್ತದೆ, ಉರುಳುವ ಚಕ್ರಗಳು ಒಳಗಿನ ಭಾಗಗಳನ್ನು ಎಣ್ಣೆಯಿಲ್ಲದೆ ತಿರುಗಿಸುತ್ತವೆ. ಮುಂದಿನ ಚಕ್ರಗಳಿಂದ ಓಡುವ ಕಾರಾದರೆ ಮುಂಭಾಗ ಎತ್ತಿ ಒಯ್ಯಬಹುದು, ನಾಲ್ಕು ಚಕ್ರಗಳಿಂದ ಓಡುವುದಾದರೆ ಪೂರ್ತಿ ಲಾರಿಯ ಮೇಲೇರಿಸಿಯೇ ಸಾಗಿಸಬೇಕು. ಟೋಯಿಂಗಿನವರಿಗೆ ಫೋನು ಮಾಡುವಾಗಲೇ ಕಾರು ಆಟೋಮ್ಯಾಟಿಕ್ ಎಂದು ಹೇಳಿಬಿಡಿ.